ಬಾಯಿಯೋ, ಕಾಲೋ

ನಮ್ಮ ಯಜಮಾನರು ನನಗೆ ಸುಳ್ಳು ಹೇಳುತ್ತಿದ್ದಾರೆಂದು ನನಗೆ ತಿಳಿದದ್ದು ಅವರ ರಕ್ತದಿಂದ. ಬಾಯಿ ಸುಳ್ಳು ಹೇಳಬಹುದು, ಮುಖ ಇನ್ನೂ ಚೆನ್ನಾಗಿ ಹೇಳಬಹುದು. ಸುಮೋ ಪೈಲ್ವಾನರ ಮುಖವಂತೂ ಗೆದ್ದರೂ ಸೋತರೂ ಒಂದೇ ತೆರನಾಗಿರಲೆಂದು ಹದಿಹರೆಯದಿಂದಲೇ ಪಳಗಿಸಿದ್ದು. ರಕ್ತಕ್ಕೆ ಆ ವಿದ್ಯೆ ಬರುವುದಿಲ್ಲ.

"ಸಕ್ಕರೆ ಏರಿದೆ ಅಮ್ಮ," ಎಂದರು ಡಾಕ್ಟರ್ ನೆಮೊಟೊ. ನಮ್ಮ ಬೀದಿಯ ತುದಿಯಲ್ಲೇ ಅವರ ದವಾಖಾನೆ. ಆಕೆಗೆ ನನಗಿಂತ ಹತ್ತು ವರ್ಷ ಚಿಕ್ಕ ವಯಸ್ಸು, ನನಗಿಂತ ಹತ್ತು ಪಾಲು ತಾಳ್ಮೆ. "ಒಂದು ದಿನದ ಏರಿಕೆ ಅಲ್ಲ ಇದು. ಬೇಸಿಗೆ ಪೂರ್ತಿ ಏರ್ತಾನೇ ಇದೆ."

ಯಜಮಾನರು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು, ಅದರಲ್ಲಿ ಯಾರದೋ ಮದುವೆ ಮುಹೂರ್ತ ಬರೆದಿದೆಯೇನೋ ಎಂಬಂತೆ.

"ಮಾತ್ರೆ ತಪ್ಪಿಸ್ತಾರಾ?"

"ನಾನೇ ಕೊಡೋದು. ನುಂಗಿದ್ಮೇಲೆ ನಾಲಿಗೆ ಎತ್ತಿಸಿ ನೋಡ್ತೀನಿ."

"ಊಟ?"

"ಬಟ್ಟಲು ಅಳೆದು ಬಡಿಸ್ತೀನಿ. ನಮ್ಮ ಗರಡೀಲಿ ಎಲ್ರಿಗಿಂತ ಕಮ್ಮಿ ಅನ್ನ ಉಣ್ಣೋರು ಅಂದ್ರೆ ಗುರುಗಳಾದ ಇವ್ರೇ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನೋಡಿ, ಉಂಡ ಅನ್ನ ಸಕ್ಕರೆ ಆಗಿ ರಕ್ತಕ್ಕೆ ಬರುತ್ತೆ. ಅದನ್ನ ಎಲ್ಲಕ್ಕಿಂತ ಜಾಸ್ತಿ ಎಳ್ಕೊಳ್ಳೋದು ಮಾಂಸಖಂಡ. ನಿಮ್ಮೋರ ತೊಡೆ ಅಂದ್ರೆ ದೊಡ್ಡ ಕಣಜ ಇದ್ದ ಹಾಗೆ. ಆದ್ರೆ ಆ ಕಣಜದ ಬಾಗ್ಲು ಸದಾ ತೆರೆದಿರಲ್ಲ. ಊಟ ಆದ್ಮೇಲೆ ಇನ್ಸುಲಿನ್ ಬಂದು ತಟ್ಟುತ್ತೆ, ಒಳಗಿನವ್ರು ಎದ್ದು ತೆಗೀಬೇಕು. ಇವ್ರ ಕಾಯಿಲೇಲಿ ಒಳಗಿನವ್ರಿಗೆ ಕಿವಿ ಮಂದ. ತಟ್ಟಿ ತಟ್ಟಿ ಕೈ ನೋಯಿಸ್ಕೊಂಡ್ರೂ ಕೇಳ್ಸಲ್ಲ."

"ಹಾಗಾದ್ರೆ ಇಷ್ಟು ವರ್ಷ ಹತೋಟೀಲಿ ಇದ್ದಿದ್ದು ಹೇಗೆ?"

"ಅದೇ ನೋಡಿ. ಖಂಡ ದುಡಿಯೋವಾಗ ಅದಕ್ಕೇ ಹಸಿವಾಗುತ್ತೆ. ಆಗ ಹೊರಗಿನಿಂದ ಯಾರೂ ತಟ್ಟೋದೇ ಬೇಡ, ಒಳಗಿನವ್ರೇ ಬಾಗ್ಲು ತೆಗೆದು ಸಕ್ಕರೆ ಎಳ್ಕೊಳ್ತಾರೆ. ದುಡಿದು ಮುಗಿಸಿದ ಮೇಲೂ ಒಂದೆರಡು ದಿನ ಕಿವಿ ಚುರುಕಾಗಿರುತ್ತೆ, ಇನ್ಸುಲಿನ್ ಮೆಲ್ಲಗೆ ತಟ್ಟಿದ್ರೂ ಓಗೊಡ್ತಾರೆ. ಕಾಲು ಚಾಚಿ ಕೂತ್ಬಿಟ್ರೆ ಮತ್ತೆ ಕಿವುಡು." ಅವರು ಯಜಮಾನರತ್ತ ತಿರುಗಿದರು. "ಅಂದ್ರೆ ಎರಡೇ ದಾರಿ. ಮೂಟೆ ಜಾಸ್ತಿ ಬರ್ತಾ ಇದೆ, ಇಲ್ಲ ಕಣಜದ ಬಾಗ್ಲು ಮುಚ್ಚಿದೆ. ಬಾಯಿಯೋ, ಕಾಲೋ. ಬೆಳಿಗ್ಗೆ ಕಾಲು ತುಳೀತಾ ಇದೀರಾ ತಾನೇ?"

"ಹೂಂ," ಎಂದರು ಯಜಮಾನರು. "ದಿನಾ."

"ದಿನಾ ತುಳೀತಾರೆ," ಎಂದು ನಾನೂ ಸಾಕ್ಷಿ ಹೇಳಿದೆ. "ನನ್ನ ಕಿವಿಯಾರೆ ಕೇಳ್ತೀನಲ್ಲ!"

ಅದು ನಿಜ. ನಮ್ಮ ಮಿನೆಗವಾ ಗರಡಿಯಲ್ಲಿ ಕೆಳಗೆ ಅಖಾಡ, ಮೇಲೆ ನಮ್ಮ ವಾಸ. ಕುಸ್ತಿ ಬಿಟ್ಟು ಗುರುಗಳಾದ ದಿನದಿಂದಲೂ ಯಜಮಾನರದು ಒಂದು ವ್ರತ. ಹುಡುಗರು ಏಳುವ ಮೊದಲೇ ಒಬ್ಬರೇ ಅಖಾಡಕ್ಕೆ ಇಳಿದು ಕಾಲು ತುಳಿಯುವುದು. ಒಂದು ಕಾಲನ್ನು ಪಕ್ಕಕ್ಕೆ ಆಕಾಶಕ್ಕೆತ್ತಿ ಧೊಪ್ಪೆಂದು ನೆಲಕ್ಕೆ, ಮತ್ತೆ ಇನ್ನೊಂದು. ಪ್ರತಿ ತುಳಿತಕ್ಕೂ ಮೇಲೆ ಬುದ್ಧನ ಗೂಡಿನ ಗಂಟೆ ತಾನಾಗಿ ಟಿಣ್ ಎನ್ನುತ್ತದೆ. ಹಾಸಿಗೆಯಲ್ಲಿ ಮಲಗಿಯೇ ನಾನು ಅದನ್ನು ಕೇಳುತ್ತೇನೆ. ಬೇರೆ ಹೆಂಗಸರಿಗೆ ಗಂಡನ ಗೊರಕೆ ಹೇಗೋ ನನಗೆ ಅದು ಹಾಗೆ. ಈಚೆಗೆ ಆ ತುಳಿತದಲ್ಲಿ ಹೊಸ ಕಸುವು ಕೂಡ ಕೇಳಿಸುತ್ತಿತ್ತು. ಅರವತ್ತರ ಹತ್ತಿರ ಬಂದರೂ ಇವರ ಕಾಲಿನ ಬಲ ಇಳಿದಿಲ್ಲವಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಕಾಲಲ್ಲ ಎಂದ ಮೇಲೆ ಬಾಯಿ. ಬಾಯಿ ಎಂದ ಮೇಲೆ ಯಾರೋ ತಂದುಕೊಡುತ್ತಿದ್ದಾರೆ, ಏಕೆಂದರೆ ಇವರ ಜೇಬು ನನ್ನ ಕೈಯಲ್ಲಿದೆ. ದವಾಖಾನೆಯಿಂದ ಮನೆಗೆ ಬರುವಷ್ಟರಲ್ಲಿ ನಾನು ಇಷ್ಟು ಲೆಕ್ಕ ಹಾಕಿಯಾಗಿತ್ತು. ಅಂದು ಮಧ್ಯಾಹ್ನವೇ ಹುಡುಗರನ್ನೆಲ್ಲ ಚಾಪೆಯ ಮೇಲೆ ಕೂರಿಸಿದೆ.

"ನಿಮ್ಮಲ್ಲಿ ಯಾವನೋ ಗುರುಗಳಿಗೆ ಕದ್ದು ಸಿಹಿ ತಿನ್ನಿಸ್ತಾ ಇದಾನೆ. ಯಾರು ಅಂತ ಈಗಲೇ ಹೇಳಿದ್ರೆ ಬೈದು ಬಿಡ್ತೀನಿ. ನಾನಾಗೇ ಹಿಡಿದ್ರೆ ಅವನ ಜುಟ್ಟು ಇಳಿಯುತ್ತೆ. ಎಷ್ಟೇ ದೊಡ್ಡ ಪೈಲ್ವಾನ್ ಆಗಿರ್ಲಿ."

ಎಲ್ಲರೂ ಚಾಪೆ ನೋಡುತ್ತಾ ಕೂತರು. ಜುಟ್ಟು ಇಳಿಯುತ್ತದೆ ಎಂಬುದು ನಮ್ಮಲ್ಲಿ ತಮಾಷೆಯ ಮಾತಲ್ಲ. ಜುಟ್ಟು ಹೋಯಿತೆಂದರೆ ಪೈಲ್ವಾನ್‌ಗಿರಿ ಹೋಯಿತು. ಮತ್ತೆ ಬೆಳೆಸಿಕೊಂಡು ಬಂದು ಅಖಾಡಕ್ಕೆ ಇಳಿಯುವ ಪದ್ಧತಿ ಇಲ್ಲ.

ಮಿನೆತಾರೊ ಎಂಬ ವಾಚಾಳಿಯೊಬ್ಬ ಮಾತ್ರ ತಲೆ ಕೆರೆದುಕೊಂಡ. "ಅಮ್ಮಾವ್ರೇ, ನಾನು ಐಸ್‌ಕ್ರೀಮ್ ತಿಂದಿದ್ದು ನಿಜ. ಆದ್ರೆ ಗುರುಗಳಿಗೆ ಒಂದು ಚಮಚಾನೂ ಕೊಡ್ಲಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೋ ಮುಟ್ಕೊಳ್ತೀಯ? ಕೂತ್ಕೋ."

ಆಮೇಲೆ ನಾನು ಮಾಡಿದ ಪತ್ತೇದಾರಿಕೆ ಪೊಲೀಸರಿಗೂ ಬಂದಿರಲಾರದು. ಕಸದ ಚೀಲಗಳನ್ನು ಬಿಚ್ಚಿ ನೋಡಿದೆ. ಯಜಮಾನರ ಕಿಮೊನೊ ತೋಳಿನ ಒಳಗೆ ಕೈ ಹಾಕಿ ಹುಡುಕಿದೆ. ಮಾತಾಡುವಾಗ ಹತ್ತಿರ ಕೂತು ಉಸಿರು ಮೂಸಿದೆ.

"ಏನೇ ಇದು, ಈ ವಯಸ್ಸಲ್ಲಿ ಇಷ್ಟು ಹತ್ತಿರ?" ಎಂದು ಅವರು ಹಿಂದೆ ಸರಿದರು.

"ಸುಮ್ನೆ ಬಾಯಿ ತೆಗೀರಿ."

ಬಾಯಲ್ಲಿ ಮೂಲಂಗಿ ಉಪ್ಪಿನಕಾಯಿಯ ವಾಸನೆ ಬಿಟ್ಟರೆ ಬೇರೇನಿಲ್ಲ. ಆದರೂ ಮನುಷ್ಯ ಏನನ್ನೋ ಬಚ್ಚಿಡುತ್ತಿದ್ದಾನೆ ಎಂಬುದು ಹೆಂಡತಿಗೆ ತಿಳಿಯದೇ ಇರುತ್ತದೆಯೇ? ನನ್ನ ಕಣ್ಣು ತಪ್ಪಿಸುತ್ತಿದ್ದರು. ಬೆಳಗಿನ ತುಳಿತ ಮುಗಿಸಿ ಒದ್ದೆ ಟವೆಲ್ ಕೊರಳಿಗೆ ಹಾಕಿಕೊಂಡು ಮೇಲೆ ಬಂದಾಗ ಎಂದೂ ಇಲ್ಲದ ಹಾಗೆ, "ಅಬ್ಬಾ, ಇವತ್ತು ಚೆನ್ನಾಗಿ ಬೆವರು ಬಂತು," ಎಂದು ತಾವಾಗಿಯೇ ಹೇಳುತ್ತಿದ್ದರು. ಮೂವತ್ತು ವರ್ಷದಲ್ಲಿ ಬೆವರಿನ ವಿಷಯ ಮಾತಾಡದವರು! ಇದು ಸಿಹಿ ತಿಂದವನ ಸೋಗು ಎಂದುಕೊಂಡೆ.

ಅನುಮಾನ ಒಂದು ಕಡೆ ನಿಲ್ಲಬೇಕಲ್ಲ. ಅದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿತು.

ಅಡುಗೆಮನೆ ಇವಾಮಿನೆಯದು. ಅವನೂ ಪೈಲ್ವಾನನೇ, ಆದರೆ ಇಪ್ಪತ್ತೈದು ವರ್ಷದಿಂದ ಕೆಳಗಿನ ದರ್ಜೆಗಳಲ್ಲೇ ಹತ್ತಿ ಇಳಿದು ಮಾಡಿಕೊಂಡಿದ್ದವನು. ಈಗ ನಲವತ್ತು. ಗರಡಿಯಲ್ಲಿ ಇಂಥವನು ಒಬ್ಬನಿರುತ್ತಾನೆ: ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವನು, ಚಾಂಕೊ ಸಾರಿನ ದೊಡ್ಡ ಪಾತ್ರೆಗೆ ಕೋಳಿ ಎಲುಬು ಹಾಕುವವನು, ಹೊಸ ಹುಡುಗರು ಮನೆ ನೆನೆದು ಅತ್ತರೆ ಒಂದು ಸೌಟು ಹೆಚ್ಚು ಬಡಿಸುವವನು. ಮಾತು ಕಮ್ಮಿ. ಅವನ ಒಂದೇ ಆಸೆ ಎಲ್ಲರಿಗೂ ಗೊತ್ತಿತ್ತು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಪಂದ್ಯ ಫುಕುಓಕಾದಲ್ಲಿ ನಡೆಯುತ್ತದೆ. ಅವನ ಊರು ಅಲ್ಲಿಗೆ ಹತ್ತಿರ. ತಾಯಿ ಮೊದಲ ರೈಲು ಹಿಡಿದು ಬಂದು, ಇನ್ನೂ ಜನವೇ ಸೇರದ ಸಭಾಂಗಣದಲ್ಲಿ ಕೂತು, ಮಗನ ಕುಸ್ತಿ ನೋಡಿ, ಸೋತರೂ ಚಪ್ಪಾಳೆ ತಟ್ಟಿ ಹೋಗುತ್ತಾಳೆ. ಈ ಸಲ ಫುಕುಓಕಾಗೆ ಹೊರಡುವ ದಿನ ಹತ್ತಿರ ಬಂದಿತ್ತು.

ಅವನ ಮೇಲೆ ನನಗೆ ಯಾಕೆ ಅನುಮಾನ ಬಂತು ಅಂದರೆ, ಇಬ್ಬರೂ ಪಿಸುಗುಟ್ಟುತ್ತಿದ್ದರು. ಮೆಟ್ಟಿಲ ಕೆಳಗೆ ನಿಂತು ಯಜಮಾನರು ಏನೋ ಹೇಳುವುದು, ಇವನು ತಲೆಯಾಡಿಸುವುದು, ನನ್ನ ಹೆಜ್ಜೆ ಕೇಳಿದೊಡನೆ ಇಬ್ಬರೂ ಬೇರೆ ಬೇರೆ ಗೋಡೆ ನೋಡುವುದು. ಒಂದು ಮುಂಜಾನೆ ನಾನು ನೀರು ಕುಡಿಯಲು ಇಳಿದಾಗ ಇವನು ಅಡುಗೆಮನೆಯಲ್ಲಿ ಬೆವೆತು ತೊಪ್ಪೆಯಾಗಿ ನಿಂತಿದ್ದ.

"ಒಲೆ ಇನ್ನೂ ಹಚ್ಚೇ ಇಲ್ಲ, ಅದ್ಯಾಕೋ ಇಷ್ಟು ಬೆವರು?"

"ಸೆಖೆ, ಅಮ್ಮಾವ್ರೇ."

"ಅಕ್ಟೋಬರಲ್ಲಿ ಸೆಖೆಯಾ?"

ಅವನು ಈರುಳ್ಳಿ ಹೆಚ್ಚಲು ಶುರುಮಾಡಿದ. ಕಳ್ಳನ ಬೆವರು ಇದು ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಅದೇ ವಾರ ಅಂಗಳದ ಒಗೆಯುವ ಮೆಷಿನ್ ಹಿಂದೆ ನಿಂತು ಕಣ್ಣಾರೆ ಕಂಡೆ. ಯಜಮಾನರು ಕಿಮೊನೊ ತೋಳಿನೊಳಗಿನಿಂದ ಒಂದು ಪೊಟ್ಟಣ ತೆಗೆದು ಇವಾಮಿನೆಯ ಕೈಗೆ ತುರುಕಿ, ಅವನ ಬೆನ್ನು ತಟ್ಟಿದರು. ಅವನು ಬಾಗಿ ನಮಸ್ಕರಿಸಿ ಅದನ್ನು ಏಪ್ರನ್ನಿನ ಒಳಗೆ ಇಳಿಸಿದ. ನಾನು ಕಾದೆ. ಅವನು ಮೀನಿನ ಅಂಗಡಿಗೆ ಹೋದ ಮೇಲೆ ಅವನ ಹಾಸಿಗೆಯ ಬದಿಯ ಪೆಟ್ಟಿಗೆ ತೆರೆದು ನೋಡಿದರೆ, ಮಡಿಸಿಟ್ಟ ಬಟ್ಟೆಗಳ ಕೆಳಗೆ ದೈಫುಕು! ಹೂರಣ ತುಂಬಿದ ಆ ಮೆತ್ತನೆಯ ಅಕ್ಕಿ ಉಂಡೆಗೆ ಯಜಮಾನರು ಒಂದು ಕಾಲದಲ್ಲಿ ಪ್ರಾಣ ಬಿಡುತ್ತಿದ್ದರು. ಎರಡು ಉಂಡೆ ಉಳಿದಿದ್ದವು, ಪಕ್ಕದಲ್ಲಿ ಖಾಲಿ ಕಾಗದಗಳ ಕಟ್ಟು. ನಮ್ಮಲ್ಲಿ ಜೂನ್‌ಗೆ ಶುರುವಾಗುವ ಬೇಸಿಗೆಯ ಚಿತ್ರದ ಕಾಗದವೂ ಅದರಲ್ಲಿತ್ತು. ಜೂನ್‌ನಿಂದಲೂ ನಡೆದಿದೆ ಎಂದಾಯಿತು. ಸಿಹಿಯನ್ನು ಇವರೇ ಹೇಗೋ ತರುವುದು, ಅವನ ಪೆಟ್ಟಿಗೆಯಲ್ಲಿ ಬಚ್ಚಿಡುವುದು, ನಾನಿಲ್ಲದಾಗ ಬಂದು ತಿನ್ನುವುದು. ಎಲ್ಲ ಹಗಲಿನಷ್ಟು ನಿಚ್ಚಳ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅದು ಗಂಡನಿಗೆ ಸಕ್ಕರೆ ಕಾಯಿಲೆ ಇಲ್ಲದವರು ಮಾಡಿದ ಗಾದೆ.

ಊಟವಾದ ಮೇಲೆ ಎಲ್ಲರೂ ಕೂತಿದ್ದಾಗಲೇ ಆ ಕಾಗದಗಳನ್ನು ಯಜಮಾನರ ಮುಂದೆ ಸುರಿದೆ.

"ರೀ, ಇವು ಯಾರದು?"

ಅವರು ಕಾಗದ ನೋಡಿದರು. ಕುತ್ತಿಗೆಯಿಂದ ಕಿವಿಯವರೆಗೂ ಕೆಂಪಾಯಿತು.

ಇವಾಮಿನೆ ಬಾಗಿಲ ಬಳಿಯಿಂದ ಮಂಡಿಯಲ್ಲೇ ಮುಂದೆ ಬಂದು ಹಣೆ ಚಾಪೆಗೆ ಹಚ್ಚಿದ. "ನನ್ನ ಪೆಟ್ಟಿಗೇದು, ಅಮ್ಮಾವ್ರೇ."

"ಅದು ಗೊತ್ತು. ಜೂನ್‌ನಿಂದ ಇದೇ ಕೆಲ್ಸ ಅಲ್ವಾ? ನಿನ್ನ ನಂಬಿ ಅಡುಗೆಮನೆ ಕೊಟ್ಟೆ. ಅವ್ರ ಕಣ್ಣು ಹೋದ್ರೆ, ಕಾಲು ಹೋದ್ರೆ, ನೀನು ತಂದು ಕೊಡ್ತೀಯಾ?"

ಕಾಲು ಎಂದೊಡನೆ ಅವನು ತಲೆಯೆತ್ತಿ ಯಜಮಾನರ ಕಡೆ ನೋಡಿದ. ಅವರು ತಮ್ಮ ಚಹಾ ಬಟ್ಟಲಿನ ಒಳಗೇ ಮುಳುಗಿ ಹೋಗುವವರಂತೆ ಬಗ್ಗಿದ್ದರು. ಅವನು ಮತ್ತೆ ಹಣೆ ನೆಲಕ್ಕೆ ಇಟ್ಟ.

"ತಪ್ಪಾಯ್ತು, ಅಮ್ಮಾವ್ರೇ."

"ಎಲ್ರ ಮುಂದೆ ಹೇಳಿದ್ದೆ, ಜುಟ್ಟು ಇಳಿಯುತ್ತೆ ಅಂತ. ಹೇಳಿದ ಮಾತು ನುಂಗೋದು ನನಗೆ ಬರಲ್ಲ. ನಾಳೆನೇ ಹೊರಡು."

ಮಿನೆತಾರೊ, "ಫುಕುಓಕಾ ಮುಗಿಯೋವರ್ಗಾದ್ರೂ..." ಎಂದು ಶುರುಮಾಡಿದ. ನಾನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ. ನಿಜ ಹೇಳಬೇಕೆಂದರೆ ಆಗ ಯಜಮಾನರು ಒಂದು ಮಾತು ಆಡಿದ್ದರೆ, 'ಹೋಗಲಿ ಬಿಡೇ' ಎಂದಿದ್ದರೂ ಸಾಕಿತ್ತು, ನಾನು ಇಳಿಯುತ್ತಿದ್ದೆ. ಅವರು ಆಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ. ತಪ್ಪು ಒಪ್ಪಿಕೊಂಡ ಹಾಗೆಯೇ ಎಂದುಕೊಂಡೆ.

ಹಾಸಿಗೆ ಹಾಸುವಾಗ ಮಾತ್ರ, "ಅವನಿಗೆ ಬೇರೆ ಕಡೆ ಏನಾದ್ರೂ ಕೆಲ್ಸ ನೋಡಿಕೊಡ್ತೀನಿ," ಎಂದರು.

"ಜುಟ್ಟು ಇಳಿಸೋ ಶಾಸ್ತ್ರ ಮಾಡ್ತೀರಾ?"

ನಮ್ಮಲ್ಲಿ ಎಷ್ಟೇ ಕೆಳಗಿನವನಾದರೂ ಗರಡಿ ಬಿಡುವ ದಿನ ಅವನನ್ನು ನಡುವೆ ಕೂರಿಸುತ್ತಾರೆ. ಬೇಕಾದವರೆಲ್ಲ ಒಂದೊಂದು ಕತ್ತರಿ ಹಾಕುತ್ತಾರೆ. ಕೊನೆಯ ಕತ್ತರಿ ಗುರುಗಳದು. ಮಗನನ್ನು ಕಳಿಸಿಕೊಟ್ಟ ಹಾಗೆ ಅದು.

"ಅವನೇ ಬೇಡ ಅಂದ," ಎಂದು ಮಗ್ಗುಲು ಬದಲಿಸಿದರು.

ಮರುದಿನ ಬೆಳಗಾಯಿತು. ಕಿಟಕಿಯಲ್ಲಿ ಬೆಳಕು ಮೂಡಿತು. ಪಕ್ಕದ ಹಾಸಿಗೆ ಖಾಲಿಯಿತ್ತು, ಯಜಮಾನರು ಎಂದಿನಂತೆ ಇಳಿದು ಹೋಗಿದ್ದರು. ನಾನು ಕಣ್ಣು ಮುಚ್ಚಿಕೊಂಡು ಕಾದೆ. ಧೊಪ್ ಎನ್ನಲಿಲ್ಲ. ಗಂಟೆ ಟಿಣ್ ಎನ್ನಲಿಲ್ಲ. ಹೊರಗೆ ಹಾಲಿನವನ ಗಾಡಿ ಹೋದದ್ದು ಕೇಳಿತು, ಕಾಗೆ ಕೂಗಿದ್ದು ಕೇಳಿತು. ಕೆಳಗೆ ಅಖಾಡದಲ್ಲಿ ಏನೂ ಇಲ್ಲ.

ಬಿದ್ದರೋ ಏನೋ ಎಂದು ದಡಬಡ ಇಳಿದೆ. ಬಿದ್ದಿರಲಿಲ್ಲ. ಅಖಾಡದ ಮೂಲೆಯ ಮರದ ಕಂಬವನ್ನು ಎರಡೂ ಕೈಯಿಂದ ತಬ್ಬಿ ನಿಂತು ಬಲಗಾಲು ಎತ್ತಲು ನೋಡುತ್ತಿದ್ದರು. ಕಾಲು ಒಂದು ಗೇಣು ಮೇಲೆದ್ದು, ನಡುಗಿ, ಸದ್ದೇ ಇಲ್ಲದೆ ಕೆಳಗೆ ಇಳಿಯಿತು. ಹಲ್ಲು ಕಚ್ಚಿ ಇನ್ನೊಮ್ಮೆ ಎತ್ತಿದರು. ಅಷ್ಟೂ ಏಳಲಿಲ್ಲ. ಕೊರಳಲ್ಲಿ ಟವೆಲ್ ಇತ್ತು. ಆಗಲೇ ನಲ್ಲಿಯಲ್ಲಿ ನೆನೆಸಿ ತಂದದ್ದು. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಉಸಿರು ಮೂಸಿ ಮೂಸಿ ನೋಡಿದ್ದೆನಲ್ಲ, ಒಂದು ದಿನವಾದರೂ ಆ ಟವೆಲ್ ಮೂಸಿ ನೋಡಿದ್ದರೆ!

"ಯಾವಾಗಿನಿಂದ?" ಎಂದೆ.

ಅವರು ಬೆಚ್ಚಿ ತಿರುಗಿದರು. "ಜೂನ್ ಮಳೆ ಶುರುವಾದಾಗ. ಎರಡೂ ಮೊಣಕಾಲು ಹೋಗಿದೆ ಕಣೇ. ಮೆಟ್ಟಿಲು ಇಳಿಯೋದೇ ಕಷ್ಟ."

"ದಿನಾ ಕೇಳ್ತಿತ್ತಲ್ಲ ನನಗೆ! ಅದು ಯಾರು?"

ಕೇಳುತ್ತಿರುವಾಗಲೇ ಉತ್ತರ ನನಗೆ ಗೊತ್ತಾಯಿತು. ಒಲೆ ಹಚ್ಚದ ಅಡುಗೆಮನೆ, ಅಕ್ಟೋಬರಿನ ಬೆವರು.

"ನಾನೇ ಕೇಳ್ಕೊಂಡೆ ಅವನನ್ನ," ಎಂದರು ಯಜಮಾನರು. "ನಾನು ಆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ, ಅವನು ತುಳೀತಿದ್ದ. ಪಾಪ, ಅವನಿಗೆ ಸಿಹಿ ಇಷ್ಟ. ಆವಾಗಾವಾಗ ಸುಮೋ ಸಂಘದ ಮೀಟಿಂಗಲ್ಲಿ ಕೊಟ್ಟಿದ್ದನ್ನ ಅವನಿಗೆ ತಂದು ಕೊಡ್ತಿದ್ದೆ. ಒಂದು ಉಂಡೆನೂ ನಾನು ಮುಟ್ಟಿಲ್ಲ, ನನ್ನಾಣೆ."

"ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ? ಅವನು ಹಣೆ ನೆಲಕ್ಕೆ ಹಚ್ಚಿದ್ದಾಗ ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ಹುಡುಗ್ರೆಲ್ಲ ಇದ್ರು."

"ಇದ್ರೆ?"

"ನಿನಗೆ ಅರ್ಥ ಆಗಲ್ಲ. ಹೊಟ್ಟೆಬಾಕ ಅಂತ ನಕ್ರೆ ನಗ್ಲಿ, ಪೈಲ್ವಾನ್ ಜಾತಿನೇ ಹೊಟ್ಟೆಬಾಕರ ಜಾತಿ. ಕಾಲೆತ್ತೋಕೆ ಬರದವನು 'ಇನ್ನೂ ಎತ್ತು, ಇನ್ನೂ ಎತ್ತು' ಅಂತ ಬೆತ್ತ ಹಿಡ್ಕೊಂಡು ನಿಂತ್ರೆ, ಯಾವನು ಗುರು ಅಂತಾನೆ?"

"ಡಾಕ್ಟ್ರ ಹತ್ರನಾದ್ರೂ ಹೇಳ್ಬಹುದಿತ್ತು! ಖಂಡ ದುಡೀಬೇಕು ಅಂದ್ರೇ ಹೊರ್ತು ಆಕಾಶಕ್ಕೆ ಕಾಲೆತ್ತಿ ತುಳೀರಿ ಅಂದ್ರಾ? ಈಜುಕೊಳದ ನೀರಲ್ಲಿ ನಡೀರಿ ಅಂತಿದ್ರು, ಕುರ್ಚಿ ಮೇಲೆ ಕೂತು ಕಾಲು ಚಾಚಿ ಮಡಚಿ ಅಂತಿದ್ರು. ಯಾವ ರೀತಿ ದುಡಿದ್ರೂ ಆ ಬಾಗ್ಲು ತೆರೀತಿತ್ತು."

"ಮುದುಕೀರ ಜೊತೆ ನೀರಲ್ಲಿ ನಡೀಲಾ? ನಾನು?"

ನನಗೆ ಬಂದ ಸಿಟ್ಟಿಗೆ ಅಖಾಡಕ್ಕೆ ಎರಚಲು ಇಟ್ಟಿದ್ದ ಉಪ್ಪಿನ ಬುಟ್ಟಿ ಎತ್ತಿ ಎಸೆಯಬೇಕು ಅನ್ನಿಸಿತು. ನನ್ನ ಅನುಮಾನ ಸುಳ್ಳಾಗಿರಲಿಲ್ಲ, ಇದನ್ನು ಈಗಲೂ ಹೇಳುತ್ತೇನೆ. ಮನೆಯಲ್ಲಿ ಮೋಸ ನಡೆದೇ ಇತ್ತು. ಹೋಗಿ ತಟ್ಟಿದ ಬಾಗಿಲು ಮಾತ್ರ ತಪ್ಪು.

"ಹೋಗಿ ಕರ್ಕೊಂಡ್ ಬನ್ನಿ ಅವನನ್ನ. ಹುಡುಗ್ರನ್ನ ಕೂರ್ಸಿ, ಇದ್ದಿದ್ದು ಇದ್ದ ಹಾಗೆ ಹೇಳಿ."

"ಅದೊಂದು ಬೇಡ. ಅವನಿಗೆ ನಾನು ಬೇರೆ ದಾರಿ ಮಾಡ್ತೀನಿ ಅಂದ್ನಲ್ಲ."

"ಫುಕುಓಕಾದಲ್ಲಿ ಅವನ ತಾಯಿ ಬಂದು ಕೂತಾಗ ಯಾವ ದಾರಿ ತೋರಿಸ್ತೀರಿ?"

ಹೀಗೆ ನಾವು ಪಿಸುದನಿಯಲ್ಲಿ ಕಚ್ಚಾಡುತ್ತಿದ್ದಾಗಲೇ ಹುಡುಗರು ಇಳಿದು ಬಂದರು, ಅಭ್ಯಾಸ ಶುರುವಾಯಿತು. ಯಜಮಾನರು ಮುಖ ಒರೆಸಿಕೊಂಡು ಎಂದಿನ ಜಾಗದಲ್ಲಿ ಕೂತು, "ಎತ್ತು, ಇನ್ನೂ ಎತ್ತು," ಎಂದು ಕೂಗಿದರು. ನಾನು ಅಡುಗೆಮನೆಗೆ ಹೋದೆ. ಸಾರಿಗೆ ಬೇಕಾದುದೆಲ್ಲ ಸಿದ್ಧವಾಗಿತ್ತು: ಎಲುಬು ಬೆಂದಿತ್ತು, ಕೋಸು ಹೆಚ್ಚಿತ್ತು, ತೊಳೆದ ಏಪ್ರನ್ ಮೊಳೆಗೆ ನೇತಾಡುತ್ತಿತ್ತು. ಅವನಿರಲಿಲ್ಲ. ಮತ್ತೆ ಅಖಾಡಕ್ಕೆ ಬಂದು ಯಜಮಾನರ ಕಿವಿಯಲ್ಲಿ, "ಈಗಲಾದ್ರೂ ಏಳ್ತೀರಾ?" ಎಂದೆ. ಅವರು ನನ್ನತ್ತ ತಿರುಗಲಿಲ್ಲ. ಅಭ್ಯಾಸ ಮುಗಿಯುವ ತನಕ ನಾನು ಮೂರು ಸಲ ಹೋಗಿ ಬಂದೆ. ಮೂರು ಸಲವೂ ಕಲ್ಲಿನ ಹಾಗೆ ಕೂತಿದ್ದರು.

ಕೊನೆಗೆ ಮಿನೆತಾರೊನನ್ನು ಹಿಡಿದು ಕೇಳಿದೆ. "ಇವಾಮಿನೆ ಎಲ್ಲೋ?"

"ಸ್ಟೇಷನ್ ಹತ್ರದ ಕಟಿಂಗ್ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ ಅಂತ ಕೇಳ್ತಿದ್ದ, ಅಮ್ಮಾವ್ರೇ. ನಮ್ಮ ಕೈಲಿ ಕತ್ತರಿ ಹಿಡಿಸೋದು ಬೇಡ, ಗುರುಗಳಿಗೆ ಕಷ್ಟ ಆಗುತ್ತೆ ಅಂದ."

ಅದನ್ನು ಅವನು ಗಟ್ಟಿಯಾಗಿಯೇ ಹೇಳಿದ. ಯಜಮಾನರಿಗೂ ಕೇಳಿಸಿತು.

"ನಾನು ಹೋಗ್ತೀನಿ," ಎಂದೆ ಅವರಿಗೆ. "ನೀವು ಇಲ್ಲೇ ಕೂತು ನಿಮ್ಮ ಕಾಲು ಕಾಯ್ತಾ ಇರಿ."

ಅಡುಗೆಮನೆಯ ಚಪ್ಪಲಿಯಲ್ಲೇ ಓಡಿದೆ. ದವಾಖಾನೆ ದಾಟಿ, ಸೇತುವೆ ದಾಟಿ ಹೋಗುವಾಗ, ಅಂಗಡಿ ತೆರೆಯದೇ ಇರಲಿ, ಕ್ಷೌರಿಕನಿಗೆ ಜ್ವರ ಬಂದಿರಲಿ, ಏನಾದರೂ ಒಂದಾಗಿರಲಿ ಎಂದು ಬೇಡಿಕೊಂಡೆ. ಬಾಗಿಲು ತಳ್ಳಿದಾಗ ಮೊದಲು ಮೂಗಿಗೆ ಬಂದದ್ದು ಜುಟ್ಟಿಗೆ ಹಚ್ಚುವ ಮೇಣದೆಣ್ಣೆಯ ಪರಿಮಳ. ಇವಾಮಿನೆ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿದ್ದ. ತಲೆ ಚಿಕ್ಕದಾಗಿ, ಕಿವಿ ದೊಡ್ಡದಾಗಿ, ಯಾರೋ ಬೇರೆಯವನ ಹಾಗೆ ಕಂಡ. ಜುಟ್ಟು ನೆಲದ ಮೇಲೆ, ಯಾರ್ಯಾರದೋ ಕೂದಲಿನ ನಡುವೆ ಬಿದ್ದಿತ್ತು.

"ಒಂದು ಕಾಗದದಲ್ಲಿ ಸುತ್ತಿಡ್ತೀನಿ ಅಂದೆ," ಎಂದ ಮುದುಕ ಕ್ಷೌರಿಕ, ನನ್ನ ಮುಖ ನೋಡಿ ಹೆದರಿ. "ಇವ್ರೇ ಗುಡಿಸಿಬಿಡಿ ಅಂದ್ರು."

ಕಾಯುವ ಬೆಂಚಿನಲ್ಲಿದ್ದ ಇಬ್ಬರು ಪೇಪರ್ ಕೆಳಗಿಳಿಸಿ ನೋಡಿದರು. ನಾನು ಅವರ ಪಕ್ಕದಲ್ಲೇ ಕೂತೆ.

"ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತೇನೋ?"

ಇವಾಮಿನೆ ಕನ್ನಡಿಯಲ್ಲಿ ನನ್ನನ್ನು ನೋಡಿದ. ನನಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು.

"ನೀವು ಯಾರು ತಿನ್ನಿಸಿದ್ರು ಅಂತ ಕೇಳಿದ್ರಿ, ಅಮ್ಮಾವ್ರೇ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಇನ್ನೊಂದು ವಿಷಯ ಹೇಳೋ ಹಾಗಿರ್ಲಿಲ್ಲ. ಗುರುಗಳಿಗೆ ಮಾತು ಕೊಟ್ಟಿದ್ದೆ."

"ನಿಮ್ಮಮ್ಮ ಬರ್ತಾರಲ್ಲೋ ಮುಂದಿನ ತಿಂಗಳು. ಅವ್ರಿಗೆ ಏನ್ ಹೇಳ್ತೀಯ?"

"ಅದೂ ಯೋಚ್ನೆ ಮಾಡಿದೀನಿ. ಮೊಣಕಾಲು ಹೋಯ್ತು ಅಂತೀನಿ," ಎಂದ ಅವನು ಸಲೀಸಾಗಿ. "ಪೈಲ್ವಾನ್ರಿಗೆ ಹೋಗೋದೇ ಅಲ್ವಾ. ಅದರಲ್ಲಿ ನಾಚ್ಕೆ ಏನಿದೆ? ಅಮ್ಮ ನಂಬ್ತಾಳೆ."

ಬಾಗಿಲ ಗಾಜು ಕಿರುಗುಟ್ಟಿತು. ಯಜಮಾನರು ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಅಷ್ಟು ದೂರ ಅವರು ಹೇಗೆ ನಡೆದು ಬಂದರೋ ದೇವರೇ ಬಲ್ಲ. ಹಣೆಯಿಂದ ಗಲ್ಲಕ್ಕೆ ಬೆವರು ಹರಿಯುತ್ತಿತ್ತು, ಕೊರಳಲ್ಲಿ ಟವೆಲ್ ಇರಲಿಲ್ಲ. ಇವಾಮಿನೆ ಹೇಳಿದ್ದೆಲ್ಲ ಕೇಳಿಸಿಕೊಂಡಿದ್ದರೆಂದು ಅವರ ಮುಖವೇ ಹೇಳುತ್ತಿತ್ತು. ಎಷ್ಟು ಪಳಗಿಸಿದ ಮುಖವಾದರೇನು?

"ಬನ್ನಿ ಗುರುಗಳೇ, ಕೂತ್ಕೊಳ್ಳಿ," ಎಂದ ಕ್ಷೌರಿಕ. ಬೆಂಚಿನಲ್ಲಿದ್ದ ಇಬ್ಬರೂ ಎದ್ದು ಬಾಗಿದರು. ನಮ್ಮ ಪೇಟೆಯಲ್ಲಿ ಅವರನ್ನು ಅರಿಯದವರಿಲ್ಲ.

ಅವರು ಕೂರಲಿಲ್ಲ. "ಇವನ ಮೊಣಕಾಲಿಗೆ ಏನೂ ಆಗಿಲ್ಲ," ಎಂದರು, ಅಖಾಡದಲ್ಲಿ ಕೂಗುವ ಅದೇ ಗಟ್ಟಿ ದನಿಯಲ್ಲಿ. "ಹೋಗಿರೋದು ನಂದು. ಜೂನ್‌ನಿಂದ ನನಗೆ ಕಾಲೆತ್ತೋಕೆ ಬರಲ್ಲ. ದಿನಾ ನನ್ನ ಬದ್ಲು ತುಳೀತಿದ್ದವನು ಇವನು."

ಇವಾಮಿನೆಯ ಕೈ ಅಭ್ಯಾಸದಿಂದ ತಲೆಯ ಮೇಲೆ ಹೋಗಿ, ಅಲ್ಲಿ ಏನೂ ಸಿಗದೆ, ಹಾಗೆಯೇ ನಿಂತಿತು.

ಯಜಮಾನರು ಕಾಲೆಳೆಯುತ್ತಾ ಕುರ್ಚಿಯ ಬಳಿಗೆ ಹೋದರು. ನೆಲದ ಮೇಲಿದ್ದ ಜುಟ್ಟನ್ನು ಎತ್ತಿಕೊಳ್ಳಲು ಬಗ್ಗಿದರು. ಮೊಣಕಾಲು ಮಡಚಲಿಲ್ಲ. ಕುರ್ಚಿಯ ತೋಳು ಹಿಡಿದು, ಕೈ ಚಾಚಿ, ಇನ್ನೂ ಬಗ್ಗಲು ನೋಡಿದರು. ಬೆರಳು ನೆಲ ಮುಟ್ಟಲಿಲ್ಲ. ನಾನು ಎದ್ದೆ, ಆದರೆ ನನಗಿಂತ ಮೊದಲು ಇವಾಮಿನೆ ಹೊದ್ದ ಬಟ್ಟೆಯ ಸಮೇತ ಕುರ್ಚಿಯಿಂದ ಇಳಿದು, ಮಂಡಿಯೂರಿ, ತನ್ನ ಜುಟ್ಟನ್ನು ತಾನೇ ಎತ್ತಿ ಗುರುಗಳ ಕೈಯಲ್ಲಿ ಇಟ್ಟ.